ಮಾರ್ಚ್ ತಿಂಗಳ ಅರಿಶಿನ ಎಲೆ

ದೆವ್ವ, ಕಣಿ, ಶಕುನ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ: ಈಗಲೂ ಇಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ‘ದೆವ್ವ ಎಂಬುದು ಮನಸ್ಸಿನ ಭ್ರಮೆ’ ಎಂದು ಅರ್ಧ ಗಂಟೆ ವಾದಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಆದರೂ ಆ ವಾದದಲ್ಲಿ ಎಲ್ಲೂ ಕೂರಿಸಲಾಗದ ಒಂದು ಮಧ್ಯಾಹ್ನದ ಊಟ ನನ್ನ ನೆನಪಿನಲ್ಲಿದೆ. ಅದನ್ನು ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಶಿರಾಲಿಯಿಂದ ಕುಮಟೆಯ ಕಾಲೇಜಿಗೆ ಸೇರಿದ್ದೆ. ಅಪ್ಪಯ್ಯ ಕನ್ನಡ ಶಾಲೆಯ ಮಾಸ್ತರರು, ಮನೆಯಲ್ಲಿ ನಾವು ಆರು ಮಕ್ಕಳು. ಮಲಗಲು ಪೇಟೆಯ ಹಿಂದಿನ ಒಂದು ಮಾಳಿಗೆಯ ಕೋಣೆ ಸಿಕ್ಕಿತ್ತು, ಊಟಕ್ಕೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ದಿನಕ್ಕೊಂದು ಮನೆ. ಆಗ ನಮ್ಮಂಥ ಹುಡುಗರು ಓದಿದ್ದೇ ಹಾಗೆ. ನನಗೆ ಆರು ಮನೆ ಸಿಕ್ಕಿದವು, ಗುರುವಾರಕ್ಕೆ ಮಾತ್ರ ಸಿಗಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಗುರುವಾರ ಉಪವಾಸದ ವ್ರತ ಹಿಡಿದಿದ್ದೇನೆ ಎಂದು ಸಾರಿಬಿಟ್ಟೆ. ದೇವರಿಲ್ಲ ಎಂದು ವಾದಿಸುವ ಹುಡುಗನ ಗುರುವಾರದ ವ್ರತ! ಭಟ್ಕಳದ ಇಸ್ಮಾಯಿಲ್ ನನ್ನ ಹಿಂದಿನ ಬೆಂಚಿನವನು. ಅವನು ನನ್ನನ್ನು ‘ಗುರುವಾರದ ಸ್ವಾಮಿಗಳು’ ಎಂದೇ ಕರೆಯುತ್ತಿದ್ದ. ಅವನಿಗೆ ಸತ್ಯ ತಿಳಿದಿತ್ತೆಂದು ನನ್ನ ಗುಮಾನಿ. ಎಷ್ಟೋ ಗುರುವಾರ “ಸ್ವಾಮಿಗಳೇ, ಬಾಳೆಹಣ್ಣು ಫಲಾಹಾರ, ವ್ರತಕ್ಕೆ ಎಂತ ತೊಂದರೆ ಇಲ್ಲ” ಎಂದು ಎರಡು ಹಣ್ಣು ನನ್ನ ಮುಂದಿಡುತ್ತಿದ್ದ.

ಅಕ್ಟೋಬರಿನ ಪರೀಕ್ಷೆಯಲ್ಲಿ ಗಣಿತ ಗುರುವಾರವೇ ಬಂತು. ತಲೆ ಸುತ್ತಿ ಅರ್ಧ ಪತ್ರಿಕೆ ಹಾಗೇ ಬಿಟ್ಟು ಎದ್ದೆ. ಅಪ್ಪಯ್ಯನಿಂದ ಕಾಗದ ಬಂತು: ‘ವಾರ್ಷಿಕದಲ್ಲಿ ನಪಾಸಾದರೆ ಹೊನ್ನಾವರದಲ್ಲಿ ಮಾವನ ಹೋಟೆಲಿನ ಗಲ್ಲೆಯ ಮೇಲೆ ಕೂರುವುದು.’ ಅಪ್ಪಯ್ಯ ಬೆದರಿಸುವವರಲ್ಲ, ಬರೆದಂತೆ ಮಾಡುವವರು. ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಹಚ್ಚಿದರು. ಗಣಿತ ಮತ್ತೆ ಗುರುವಾರ, ಮಧ್ಯಾಹ್ನ ಎರಡೂವರೆಗೆ.

ಆ ದಿನ ಒಂದು ಗಂಟೆಗೆ ಕೋಣೆಯಿಂದ ಹೊರಟೆ. ಬಿಸಿಲು ಮೈ ಸುಡುತ್ತಿತ್ತು. ಬುಧವಾರದ ಊಟದ ಮೇಲೆ, ರಾತ್ರಿ ಓದುತ್ತಾ ಕುಡಿದ ಒಂದು ಲೋಟ ಚಹ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸೂತ್ರಗಳನ್ನು ನೆನೆಸಿಕೊಂಡರೆ ಒಂದರ ಬಾಲ ಇನ್ನೊಂದಕ್ಕೆ ಅಂಟುತ್ತಿತ್ತು. ಹಸಿರು ಬಣ್ಣದ ಕಿಟಕಿಯ ಒಂದು ಮನೆಯ ಮುಂದೆ ಬಂದಾಗ ಬಾಗಿಲಲ್ಲಿ ನಿಂತ ಹೆಂಗಸೊಬ್ಬರು ಕರೆದರು.

“ಇವತ್ತೆಂತಕ್ಕೆ ತಡಾ ಮಾಡಿದ್ಯ ಮಾಣಿ? ಎಲೆ ಹಾಕಿ ಆತು. ಕಾಲು ತೊಳ್ಕಂಡು ಬಾ.”

ಇವರ ಮನೆಯ ವಾರದ ಹುಡುಗ ಬೇರೆ ಯಾರೋ ಇರಬೇಕು, ನನ್ನನ್ನು ಅವನೆಂದು ತಿಳಿದಿದ್ದಾರೆ ಎಂದು ಆ ಕ್ಷಣವೇ ಹೊಳೆಯಿತು. ಹೇಳಬೇಕಿತ್ತು. ಹೇಳಲಿಲ್ಲ. ಕಾಲು ತೊಳೆದು ಒಳಗೆ ಹೋಗಿ ಕುಳಿತೆ. ಅನ್ನ, ಸಾರು, ಮೇಲೆ ಬಿಸಿ ಕಡುಬು. ಅರಿಶಿನ ಎಲೆಯಲ್ಲಿ ಅಕ್ಕಿ ಹಿಟ್ಟು ಸವರಿ, ಕಾಯಿ ಬೆಲ್ಲ ಒಳಗಿಟ್ಟು ಮಡಚಿ ಬೇಯಿಸಿದ್ದು. ನಾನು ಎರಡು ತಿಂದು ಸಂಕೋಚದಿಂದ ಏಳಲು ಹೊರಟೆ.

“ಎರಡಕ್ಕೇ ಕೈ ತೊಳಿಯಡ. ಹೋದ ವಾರನೂ ಹಂಗೇ ಮಾಡಿದ್ದೆ. ಇನ್ನೂ ಎರಡು ಇದ್ದು” ಎನ್ನುತ್ತಾ ಅವರು ಬಗ್ಗಿದಾಗ ಕೈಬಳೆ ತಪ್ಪಲೆಯ ಅಂಚಿಗೆ ತಾಗಿ ಚಟ್ಟನೆ ಒಡೆಯಿತು. “ಹೋತು! ನಿನ್ನೆ ತೊಟ್ಟ ಬಳೆ” ಎಂದು ನಕ್ಕರು.

ಪರೀಕ್ಷೆಯ ಕೋಣೆಯಲ್ಲಿ ಕೂರುವ ಮುಂಚೆ ಇಸ್ಮಾಯಿಲ್ ನನ್ನ ಕೈ ಕುಲುಕಿ, ಅದನ್ನು ಹಾಗೇ ತನ್ನ ಮೂಗಿಗೆ ಹಿಡಿದ. “ಎಂತ ಸ್ವಾಮಿಗಳೇ, ವ್ರತ ಮುರಿದಿರಾ?” ಎಂದ. ನಾನು ಉತ್ತರಿಸುವ ಮೊದಲೇ ಗಂಟೆ ಹೊಡೆಯಿತು. ಆ ಮೂರು ತಾಸು ಬರೆದಂತೆ ನಾನು ಆಮೇಲೆ ಯಾವತ್ತೂ ಬರೆದಿಲ್ಲ. ಕೊನೆಯ ಲೆಕ್ಕ ಬಿಡಿಸಿ ಮುಗಿಸಿದಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು.

ಆದರೆ ಮನಸ್ಸು ಚುಚ್ಚುತ್ತಿತ್ತು. ನನ್ನಿಂದ ಇನ್ನೊಬ್ಬ ಹುಡುಗ ಆ ದಿನ ಹಸಿದಿರಬೇಕಲ್ಲ! ಮುಂದಿನ ವಾರ ತಪ್ಪೊಪ್ಪಿಕೊಳ್ಳಲು ಆ ಮನೆಗೆ ಹೋದೆ. ಅದೇ ಹಸಿರು ಕಿಟಕಿ. ಬಾಗಿಲು ತೆಗೆದವರು ಅದೇ ಹೆಂಗಸು, ಪಾರ್ವತಕ್ಕ ಎಂದು ಹೆಸರು. ಅವರು ನನ್ನನ್ನು ಗುರುತಿಸಲೇ ಇಲ್ಲ. ನಾನು ತೊದಲುತ್ತಾ ಹೇಳಿದ್ದನ್ನು ಪೂರ್ತಿ ಕೇಳಿ, “ನಮ್ಮನೇಲಿ ವಾರದ ಮಾಣಿ ಯಾರೂ ಇಲ್ಲೆ. ಹೋದ ಗುರುವಾರ ಮನೆಗೇ ಬೀಗ. ತಂಗಿ ಕೂಸಿನ ತೊಟ್ಲು ಶಾಸ್ತ್ರ ಹೇಳಿ ಎಲ್ಲರೂ ಹೊನ್ನಾವರಕ್ಕೆ ಹೋಗಿದ್ಯ” ಎಂದರು. ಪಕ್ಕದ ಮನೆಯವರೂ ಹೌದೆಂದರು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ನಗತೊಡಗಿದರು. “ಗುರುವಾರ ನಿಂಗೆ ಮನೆ ಇಲ್ಯ? ಆತು. ಕಾಲೇಜು ಶುರು ಆದ ಮೇಲೆ ಇಲ್ಲೇ ಉಂಬಲೆ ಬಾ.”

ಹೀಗೆ ನನಗೆ ಏಳನೆಯ ಮನೆ ಸಿಕ್ಕಿತು. ಪಾಸೂ ಆದೆ. ಗಣಿತದಲ್ಲಿ ತರಗತಿಗೇ ಹೆಚ್ಚು ಅಂಕ. ಮಾವನ ಗಲ್ಲೆಯ ಮೇಲೆ ಬೇರೆ ಯಾರೋ ಕುಳಿತರು. ಬಿಸಿಲಿನಲ್ಲಿ ದಾರಿ ತಪ್ಪಿ ಬೇರೆ ಯಾರದೋ ಮನೆಯಲ್ಲಿ ಉಂಡಿರಬೇಕು, ಹಸಿರು ಕಿಟಕಿಗಳು ಊರಿನಲ್ಲಿ ಎಷ್ಟಿಲ್ಲ, ಹಸಿದ ಕಣ್ಣಿಗೆ ಮುಖವೂ ಒಂದೇ ಕಂಡಿರಬೇಕು ಎಂದು ನಾನು ಆ ವಿಷಯವನ್ನು ಮುಗಿಸಿದೆ.

ಅದು ಮುಗಿಯಲಿಲ್ಲ. ಶ್ರಾವಣದ ಒಂದು ಗುರುವಾರ, ಹೊರಗೆ ಧೋ ಎಂದು ಮಳೆ. ನಾನು ಒದ್ದೆಯಾಗಿ ತಡವಾಗಿ ಹೋದೆ. ಪಾರ್ವತಕ್ಕ ಬಾಗಿಲಲ್ಲೇ ನಿಂತು, “ಇವತ್ತೆಂತಕ್ಕೆ ತಡಾ ಮಾಡಿದ್ಯ ಮಾಣಿ?” ಎಂದರು. ಎಲೆಯ ಮೇಲೆ ಅರಿಶಿನ ಎಲೆಯ ಕಡುಬು ಬಂತು. ಎರಡು ತಿಂದೆ. ಅವರು ಬಗ್ಗಿದರು. ಎರಡಕ್ಕೇ ಕೈ ತೊಳಿಯಡ, ಹೋದ ವಾರನೂ ಹಂಗೇ ಮಾಡಿದ್ದೆ ಎಂದರು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ತಪ್ಪಲೆಯ ಅಂಚನ್ನೇ ನೋಡುತ್ತಿದ್ದೆ. ಚಟ್ಟೆಂದಿತು ಬಳೆ. “ಹೋತು! ನಿನ್ನೆ ತೊಟ್ಟ ಬಳೆ.”

ಎಲ್ಲವನ್ನೂ ಅವರಿಗೆ ಹೇಳಿದೆ. ಪಾರ್ವತಕ್ಕ ಹೆದರಲಿಲ್ಲ, ದೇವರ ಕಡೆ ತಿರುಗಿ ಕೈ ಮುಗಿಯಲೂ ಇಲ್ಲ. ಹೊಟ್ಟೆ ಹಿಡಿದು ನಕ್ಕರು. “ಹಂಗಾರೆ ಇವತ್ತಿನ ಊಟ ನೀ ಆವತ್ತೇ ಉಂಡು ಮುಗಿಸಿದ್ದೆ! ಇವತ್ತು ಬಡಿಸದೇ ಬೇಡಾಗಿತ್ತು” ಎಂದು ಇನ್ನೆರಡು ಕಡುಬು ಹಾಕಿದರು.

ನಾನು ಓದಿದವನು. ಇದಕ್ಕೆ ಒಂದು ಸಮಾಧಾನ ಕಂಡುಕೊಂಡೆ. ನೆನಪು ಮೋಸ ಮಾಡುತ್ತದೆ. ಶ್ರಾವಣದಲ್ಲಿ ಕಂಡದ್ದನ್ನು ನನ್ನ ತಲೆ ಹಿಂದಕ್ಕೆ ಎಳೆದು ಮಾರ್ಚಿನೊಳಗೆ ತುರುಕಿರಬೇಕು. ಎಷ್ಟೋ ವರ್ಷ ಈ ಸಮಾಧಾನದಲ್ಲಿ ಸುಖವಾಗಿದ್ದೆ.

ಕೆಲವು ವರ್ಷಗಳ ಹಿಂದೆ ಭಟ್ಕಳದಲ್ಲಿ ಇಸ್ಮಾಯಿಲ್‌ನ ಮನೆಗೆ ಹೋಗಿದ್ದೆ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಹಳೆಯ ತಮಾಷೆಗಳೆಲ್ಲ ಮುಗಿದ ಮೇಲೆ ಅವನು ಕೇಳಿದ: “ಒಂದು ಕೇಳಬೇಕು ಅಂತ ಇತ್ತು ಮಾರಾಯ. ಗಣಿತದ ಪರೀಕ್ಷೆ ದಿನ ನಿನ್ನ ಕೈಯಲ್ಲಿ ಅರಿಶಿನ ಎಲೆ ಪರಿಮಳ ಬರ್ತಿತ್ತು. ಆ ಬಿಸಿಲಲ್ಲಿ ಅರಿಶಿನ ಎಲೆ ನಿನಗೆ ಎಲ್ಲಿ ಸಿಕ್ಕಿತು?”

ಅರಿಶಿನದ ಗಿಡ ಮಳೆಗೆ ಚಿಗುರುವಂಥದು. ಮಾರ್ಚಿನ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಅದರ ಎಲೆ ಒಣಗಿ, ಗಡ್ಡೆ ಕಿತ್ತು ಮುಗಿದಿರುತ್ತದೆ. ಹಸಿ ಎಲೆ ಹುಡುಕಿದರೂ ಸಿಗದು. ಹಸಿದ ಹುಡುಗನಿಗೆ ಆ ದಿನ ಇದು ಹೊಳೆದಿರಲಿಲ್ಲ. ಆಮೇಲಿನ ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ.

ಶ್ರಾವಣದ ಕತೆಯನ್ನು ಇಸ್ಮಾಯಿಲ್‌ಗೆ ಕಾಲೇಜಿನ ದಿನಗಳಲ್ಲೇ ನಾನು ಹೇಳಿದ್ದೆನೇ? ಹೇಳಿದ್ದರೆ ಅವನ ನೆನಪೂ ನನ್ನದರಂತೆಯೇ ಕಲಸಿಹೋಗಿರಬಹುದು. “ಇಲ್ಲ ಮಾರಾಯ, ನೀನು ಹೇಳಿಲ್ಲ, ಅಲ್ಲಾನ ಆಣೆ” ಎನ್ನುತ್ತಾನೆ ಅವನು. ನನಗೆ ನೆನಪಿಲ್ಲ. ಪಾರ್ವತಕ್ಕ ಈಗಿಲ್ಲ. ಉಳಿದಿರುವುದು ಆ ವರ್ಷದ ಅಂಕಪಟ್ಟಿ ಒಂದೇ. ಅದರಲ್ಲಿ ಗಣಿತದ ಮುಂದೆ ಇರುವ ಅಂಕೆ ಹಸಿದ ಹೊಟ್ಟೆ ತೆಗೆದದ್ದಲ್ಲ ಎಂಬುದಷ್ಟೇ ನನಗೆ ಖಚಿತ. ಆ ದಿನ ಯಾರೋ ನನಗೆ ಬಡಿಸಿದ್ದಾರೆ.

ಈಗಲೂ ಶ್ರಾವಣದಲ್ಲಿ ಮನೆಯಲ್ಲಿ ಕಡುಬು ಮಾಡುತ್ತಾರೆ. ಈ ವಯಸ್ಸಿನಲ್ಲಿ ಎರಡೇ ಹೆಚ್ಚು ಎಂದು ಹೆಂಡತಿ ಗದರುತ್ತಾಳೆ. ನಾನು ಮಾತ್ರ ಎರಡಕ್ಕೆ ಕೈ ತೊಳೆಯುವುದಿಲ್ಲ. ಇನ್ನೆರಡು ಹಾಕಿಸಿಕೊಳ್ಳುತ್ತೇನೆ. ಅವು ನನ್ನ ಯಾವ ಗುರುವಾರದ ಹಸಿವಿಗೆ ಹೋಗಿ ಸೇರುತ್ತವೋ, ನನಗೆ ತಿಳಿಯದು.