ಹಿಟ್ಟಕ್ಕನ ಓದು, ಮುಷ್ಟಿಯಣ್ಣನ ಹುಬ್ಬು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾತ್ರೆ ಕಾರ್ಖಾನೆಯ ಒಳಬಾಗಿಲ ಹತ್ತಿರ, ಉಕ್ಕಿನ ಬೆಂಚಿನ ಮೇಲೆ ಕೂತು ಹಿಟ್ಟಕ್ಕ ಬಿಳಿಯ ಅಂಗಿಯೊಳಗೆ ತೂರಿಕೊಳ್ಳುತ್ತಿದ್ದಾರೆ. ತಲೆಗೆ ಟೋಪಿ, ಅದರ ಮೇಲೊಂದು ಕುಲಾವಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಕಾಲಿಗೆ ಬಟ್ಟೆಯ ಚೀಲ. ಎಲ್ಲ ಮುಗಿಯುವ ಹೊತ್ತಿಗೆ ಹೊರಗೆ ಕಾಣಿಸುವುದು ಎರಡು ಕಣ್ಣು ಮತ್ತು ಎರಡು ಹುಬ್ಬು ಮಾತ್ರ. "ಇದನ್ನ ಹಾಕ್ಕೊಂಡ್ ಮೇಲೆ ಮದುಮಗಳೂ ಒಂದೇ, ಅವಳಜ್ಜಿನೂ ಒಂದೇ" ಎಂದು ಮಾಸ್ಕಿನೊಳಗೇ ನಗುತ್ತಾರೆ.

ಒಳಗೆ ಆಳೆತ್ತರದ ಉಕ್ಕಿನ ಮಿಕ್ಸರ್ ನಿಂತಿದೆ. ಅದರ ಹೊಟ್ಟೆಗೆ ಬಿಳಿ ಪುಡಿ ಸುರಿದು, ಅಂಟುನೀರನ್ನು ಸಣ್ಣ ಧಾರೆಯಾಗಿ ಬಿಟ್ಟರೆ ತಳದಲ್ಲಿರುವ ಬ್ಲೇಡು ನಾದಲು ಶುರು ಮಾಡುತ್ತದೆ. ಇವತ್ತಿನ ಪುಡಿಯಲ್ಲಿ ಔಷಧವಿಲ್ಲ, ಇದು ಬರೀ ಪ್ರಯೋಗದ ಪುಡಿ. ಪಕ್ಕದ ಪರದೆಯ ಮೇಲೆ ಹಸಿರು ಗೆರೆಯೊಂದು ನಿಧಾನವಾಗಿ ಏರುತ್ತಿದೆ. ಗೋಡೆಯಲ್ಲಿರುವ ಪುಟ್ಟ ಗಾಜಿನ ಕಿಟಕಿಯ ಆಚೆ ವಯಸ್ಸಾದ ಒಬ್ಬರು ನಮಗೆ ಬೆನ್ನು ಹಾಕಿ ನಿಂತಿದ್ದಾರೆ. ಹಿಟ್ಟಕ್ಕನ ಮೇಲೆ ಅವರಿಗೆ ಸಿಟ್ಟೇನಿಲ್ಲ. ಅವರು ಮುಖ ತಿರುಗಿಸಿ ನಿಂತಿರುವುದರ ಮೇಲೆ ಹಿಟ್ಟಕ್ಕನ ಎಂ.ಟೆಕ್ ಪದವಿ ನಿಂತಿದೆ.

ನಾವೆಲ್ಲ ಮಾತ್ರೆ ನುಂಗುವಾಗ ಲೋಟದ ನೀರು ಬೆಚ್ಚಗಿದೆಯೇ ಎಂದು ನೋಡುತ್ತೇವೆ. ಆ ಮಾತ್ರೆಯ ಹಿಂದೆ ಯಾರ ಕೈಯಿದೆ ಎಂದು ನೋಡುವುದಿಲ್ಲ. ನೋಡಿದರೆ ಅಲ್ಲಿ ಹಿಟ್ಟಕ್ಕನಂಥವರು ಸಿಗುತ್ತಾರೆ. ಔಷಧ ವಿಜ್ಞಾನದಲ್ಲಿ ಪದವಿ ಮುಗಿಸಿ ತರಬೇತಿಗೆಂದು ಇಲ್ಲಿಗೆ ಬಂದ ಹುಡುಗಿ ಈಗ ನಾದುವ ಕೋಣೆಯ ಶಿಫ್ಟ್ ಉಸ್ತುವಾರಿ. ಮನೆಗೆ ಹೋದರೂ ರೆಪ್ಪೆಯ ಮೇಲೆ ಪುಡಿ ಉಳಿದಿರುತ್ತಿದ್ದುದರಿಂದ ಜೊತೆಯವರು ಇಟ್ಟ ಹೆಸರು ಹಿಟ್ಟಕ್ಕ. ಮಗಳು ಹೈಸ್ಕೂಲಿಗೆ ಬಂದ ವರ್ಷ ಇವರೂ ಮತ್ತೆ ವಿದ್ಯಾರ್ಥಿನಿಯಾದರು. ಕೆಲಸ ಬಿಡದೆ ಓದುವವರಿಗೆಂದೇ ಇರುವ ಔಷಧ ಎಂಜಿನಿಯರಿಂಗಿನ ಸ್ನಾತಕೋತ್ತರ ಕೋರ್ಸು ಅದು. ವಾರದಲ್ಲಿ ಎರಡು ಸಂಜೆ ಫೋನಿನಲ್ಲಿ ಪಾಠ, ಶನಿವಾರವೆಲ್ಲ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ.

"ಕ್ಲಾಸಲ್ಲಿ ಎಲ್ರೂ ನನ್ ಥರದೋರೇ. ವಾರವೆಲ್ಲ ಇನ್ನೊಬ್ಬರನ್ನ ಬೈಯೋರು ಶನಿವಾರ ಕೈಯೆತ್ತಿ, ನೀರು ಕುಡ್ಕೊಂಡ್ ಬರ್ಲಾ ಮೇಡಂ ಅಂತಾರೆ" ಎನ್ನುತ್ತಾರೆ ಹಿಟ್ಟಕ್ಕ. ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುವ ವಿದ್ಯೆಯಲ್ಲಿ ಪಳಗಿದ ಸಹಪಾಠಿಯೊಬ್ಬರಿದ್ದಾರೆ. ಅವರಿಗೆ ಪಂಪುಗಳನ್ನು ನೋಡಿಕೊಳ್ಳುವ ಕೆಲಸ.

ಓದು ಸಲೀಸಾಗಿಯೇನೂ ಸಾಗಲಿಲ್ಲ. ಗಣಿತಕ್ಕೆ ತುಕ್ಕು ಹಿಡಿದಿತ್ತು. ಮಗಳ ಪುಸ್ತಕದಿಂದಲೇ ಲೆಕ್ಕ ತಿದ್ದಿಕೊಂಡು ಮೇಲೆ ಹತ್ತಬೇಕಾಯಿತು. ಬಸ್ಸು ಓಡಿಸುವ ಗಂಡ ರಜೆಯ ದಿನ ಅಡುಗೆಮನೆ ವಹಿಸಿಕೊಂಡರು. ಉಪ್ಪು ಹೆಚ್ಚಾದರೂ ಯಾರೂ ಬಾಯಿ ಬಿಡಬಾರದು ಎಂಬುದು ಮನೆಯ ಕಾನೂನಾಯಿತು. ಅತ್ತೆ ಮಾತ್ರ ಮೊದಮೊದಲು "ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ ಓದು?" ಎಂದು ಗೊಣಗುತ್ತಿದ್ದರು. ಎರಡನೆಯ ವರ್ಷ ಅವರೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸೊಸೆ ಒಂದು ವರ್ಷ ಕಾಲೇಜಿನಿಂದ ಬಿಡುವು ಪಡೆದು ಅವರನ್ನು ಎಬ್ಬಿಸಿ ನಡೆಸಿದರು. ಈಗ ಪಾಠದ ಸಂಜೆ ಅತ್ತೆ ಊರುಗೋಲು ಹಿಡಿದು ಬಾಗಿಲಲ್ಲೇ ಕೂರುತ್ತಾರೆ. ಮಾತಾಡಲು ಬಂದ ಪಕ್ಕದ ಮನೆಯವರನ್ನು "ಕ್ಲಾಸು ನಡೀತಿದೆ, ಆಮೇಲ್ ಬಾ" ಎಂದು ಸಾಗಹಾಕುತ್ತಾರೆ.

ಆದರೆ ಕಾಲೇಜಿಗೂ ಒಂದು ಗಡುವಿದೆ. ಬಿಡುವಿನ ವರ್ಷವೂ ಸೇರಿ ಹಿಟ್ಟಕ್ಕನಿಗಿದ್ದ ಕಾಲಾವಕಾಶ ಈ ಅವಧಿಗೆ ಮುಗಿಯುತ್ತದೆ. ಪ್ರಾಜೆಕ್ಟು ಒಪ್ಪಿಗೆಯಾದರೆ ಪದವಿ, ಇಲ್ಲದಿದ್ದರೆ ಇಷ್ಟು ವರ್ಷದ ಓದಿಗೆ ಎಳ್ಳುನೀರು.

ಆ ಪ್ರಾಜೆಕ್ಟಿನ ಹೆಸರು ಉದ್ದವಾಗಿದೆ, ವಿಷಯ ಮಾತ್ರ ಒಂದೇ ಪದದ್ದು: ಹದ. ಪುಡಿಗೆ ನೀರು ಕಡಿಮೆಯಾದರೆ ಮಾತ್ರೆ ಪೊಟ್ಟಣದಲ್ಲೇ ಪುಡಿಯಾಗುತ್ತದೆ. ನಾದಿದ್ದು ಹೆಚ್ಚಾದರೆ ಕಲ್ಲಾಗುತ್ತದೆ. "ಕಲ್ಲಾದ್ ಮಾತ್ರೆ ಹೊಟ್ಟೆಗ್ ಹೋದ್ರೂ ಕರಗಲ್ಲ. ಹೋದ ಪುಟ್ಟ, ಬಂದ ಪುಟ್ಟ! ಪಾಪ ರೋಗಿ, ಔಷಧ ತಗೊಂಡೆ ಅಂತ ನೆಮ್ಮದಿಯಾಗಿ ಮಲಗಿರ್ತಾನೆ" ಎಂದು ಹಿಟ್ಟಕ್ಕ ವಿವರಿಸುತ್ತಾರೆ. ಇಷ್ಟು ಹೊತ್ತು ನಾದಬೇಕು ಎಂಬ ಲೆಕ್ಕ ಕಾರ್ಖಾನೆಯಲ್ಲಿ ಇದ್ದೇ ಇದೆ. ಆದರೆ ಒಂದೊಂದು ದಿನ ಪುಡಿ ಹೆಚ್ಚು ನೀರು ಕೇಳುತ್ತದೆ, ಒಂದೊಂದು ದಿನ ಗಾಳಿಯಲ್ಲೇ ತೇವ ಇರುತ್ತದೆ. "ಪುಡಿಗೆ ಬಾಯಾರಿಕೆ ಆಗಿದೆ ಅಂತ ಗಡಿಯಾರಕ್ಕೆ ಹೇಗ್ರೀ ಗೊತ್ತಾಗ್ಬೇಕು?"

ಗಡಿಯಾರಕ್ಕೆ ಗೊತ್ತಾಗದ್ದು ಕಿಟಕಿಯ ಆಚೆ ಬೆನ್ನು ಹಾಕಿ ನಿಂತಿರುವ ಮುಷ್ಟಿಯಣ್ಣನಿಗೆ ಗೊತ್ತಾಗುತ್ತದೆ. ಮಿಕ್ಸರಿನ ಹಿರಿಯ ಆಪರೇಟರ್ ಅವರು. ಹಿಟ್ಟಕ್ಕ ಬರುವುದಕ್ಕೂ ಮುಂಚಿನಿಂದ ಈ ಕೋಣೆಯಲ್ಲಿದ್ದಾರೆ. ಒಂದು ಹಿಡಿ ಒದ್ದೆ ಪುಡಿಯನ್ನು ಮುಷ್ಟಿಯಲ್ಲಿ ಒತ್ತಿ ಕೈ ಬಿಚ್ಚುತ್ತಾರೆ, ಉಂಡೆಯ ಮೇಲೆ ಹೆಬ್ಬೆರಳಿಡುತ್ತಾರೆ. ಉದುರಿ ಹೋದರೆ ಹದ ಬಂದಿಲ್ಲ, ಬೆರಳಿಗೆ ಅಂಟಿದರೆ ಹದ ಮೀರಿದೆ. ಚೊಕ್ಕವಾಗಿ ಎರಡು ಹೋಳಾದರೆ ಸರಿ. ಈ ಕೈ ತಿಂಗಳ ಕೊನೆಗೆ ನಿವೃತ್ತಿಯಾಗುತ್ತದೆ. ಹದ ಬರುತ್ತಿದ್ದಂತೆ ಬ್ಲೇಡಿನ ಮೋಟಾರಿಗೆ ಭಾರ ಬೀಳುತ್ತದಲ್ಲ, ಪರದೆಯ ಹಸಿರು ಗೆರೆಯಲ್ಲಿ ಆ ಭಾರವನ್ನು ನೋಡಿಯೇ ಯಂತ್ರ ನಿಲ್ಲಿಸಬಹುದೇ ಎಂಬುದು ಹಿಟ್ಟಕ್ಕನ ಪ್ರಶ್ನೆ. ಯಂತ್ರ ಹೇಳಿದ್ದು ನಿಜವೇ ಎಂದು ಪಕ್ಕಕ್ಕಿಟ್ಟು ನೋಡಲು ಅಣ್ಣನ ಮುಷ್ಟಿ ಬೇಕು. ಅವರು ಹೊರಟರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಬೆಳಗಿನ ಶಿಫ್ಟಿನ ಗಂಟೆ ಹೊಡೆಯುವವರೆಗೆ ಯಂತ್ರ ಬಳಸಿಕೊಳ್ಳಲು ಮ್ಯಾನೇಜರು ಒಪ್ಪಿದರು. ವಾರಗಟ್ಟಲೆ ಪ್ರಯೋಗ ನಡೆಯಿತು. ಹಿಟ್ಟಕ್ಕ ಪರದೆ ನೋಡಿ ಯಂತ್ರ ನಿಲ್ಲಿಸುವುದು, ಪಕ್ಕದಲ್ಲಿ ನಿಂತ ಅಣ್ಣ ಮುಷ್ಟಿ ಹಿಡಿಯುವುದು. ಪ್ರತಿ ಸಲವೂ ಉಂಡೆ ಎರಡೇ ಹೋಳು. ಹಿಗ್ಗಿ ಹೀರೇಕಾಯಿಯಾದ ಹಿಟ್ಟಕ್ಕ ವರದಿ ತೆಗೆದುಕೊಂಡು ಕಾಲೇಜಿಗೆ ಹೋದರು. ಗೈಡ್ ಮೇಡಂ ವಯಸ್ಸಿನಲ್ಲಿ ಇವರಿಗಿಂತ ಸಣ್ಣವರು. ಹಾಳೆ ತಿರುವಿ ತಿರುವಿ ನೋಡಿ ತಲೆಯೆತ್ತಿದರು.

"ತುಂಬಾ ಚೆನ್ನಾಗಿ ಹೊಂದ್ತಾ ಇದೆ. ನಂಗೆ ಅದೇ ಭಯ. ಇಷ್ಟು ಚೆನ್ನಾಗಿ ಯಾವುದೂ ಹೊಂದಲ್ಲ. ಯಂತ್ರ ನಿಲ್ಲಿಸೋವಾಗ ನೀವು ಎಲ್ಲಿ ನೋಡ್ತಿದ್ರಿ?"

"ಪರದೆ ಮೇಲೆ, ಮೇಡಂ."

"ನಿಜವಾಗ್ಲೂ?"

ಮರುದಿನ ಹಿಟ್ಟಕ್ಕ ಫಿಟ್ಟರೊಬ್ಬರನ್ನು ಮೂಲೆಯಲ್ಲಿ ನಿಲ್ಲಿಸಿ, ಯಂತ್ರ ಬಿಟ್ಟು ನನ್ನನ್ನೇ ನೋಡುತ್ತಿರಿ ಎಂದರು. ಪ್ರಯೋಗ ಮುಗಿದ ಮೇಲೆ ಫಿಟ್ಟರ್ ತಲೆ ಕೆರೆದುಕೊಂಡರು. "ಅಕ್ಕ, ಪರದೆ ನೋಡಿದ್ದು ಹೌದು. ಆದ್ರೆ ಬಟನ್ ಒತ್ತಿದ್ದು ಅಣ್ಣನ ಹುಬ್ಬು ಏರಿದ್ ಮೇಲೆ."

ಆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಯಂತ್ರದ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಮಾಸ್ಕಿನಲ್ಲಿ ತುಟಿ ಕಾಣುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಇವರಿಬ್ಬರ ಮಾತೆಲ್ಲ ನಡೆದಿರುವುದು ಹುಬ್ಬಿನಲ್ಲೇ. ಒಂದು ಹುಬ್ಬು ಏರಿದರೆ "ನೋಡ್ತಾ ಇರು", ಎರಡೂ ಏರಿದರೆ "ಸಾಕು, ನಿಲ್ಲಿಸು", ಗಂಟಿಕ್ಕಿದರೆ "ಕೆಟ್ಟಿತು". ಬ್ಲೇಡಿನ ಸದ್ದು ದಪ್ಪವಾಗುತ್ತಿದ್ದಂತೆ ಅಣ್ಣನ ಹುಬ್ಬು ತಾನಾಗಿ ಮೇಲೇಳುತ್ತದೆ. ಅಕ್ಕನ ಬೆರಳು ತಾನಾಗಿ ಬಟನ್ ಒತ್ತುತ್ತದೆ. ಇಬ್ಬರಿಗೂ ಗೊತ್ತೇ ಆಗದಂತೆ, ಯಂತ್ರಕ್ಕೆ ಇಟ್ಟ ಪರೀಕ್ಷೆಯ ಉತ್ತರವನ್ನು ಅಣ್ಣನೇ ಬರೆದುಕೊಟ್ಟಿದ್ದರು. ಅಷ್ಟೂ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅವತ್ತು ಮನೆಗೆ ಬಂದ ಹಿಟ್ಟಕ್ಕ ಚಪ್ಪಲಿ ಬಿಡುವ ಮೊದಲೇ "ನಂಗೆ ಸಾಕಾಯ್ತು, ಬಿಟ್ಬಿಡ್ತೀನಿ" ಎಂದರು. ಮಗಳಿಗೆ ವಿಷಯ ಕೇಳಿ ನಗು ತಡೆಯಲಾಗಲಿಲ್ಲ. "ಅಮ್ಮಾ, ನಂಗೆ ಕಾಪಿ ಹೊಡೀಬೇಡ ಅಂತ ದಿನಾ ಭಾಷಣ ಮಾಡ್ತೀಯ. ನೀನು ಆ ತಾತನ ಹುಬ್ಬಿಂದಾನೇ ಕಾಪಿ ಹೊಡೆದಿದ್ದೀಯಲ್ಲ!" ಹಿಟ್ಟಕ್ಕ ಅಳುತ್ತಲೇ ನಕ್ಕರು.

ಅತ್ತೆ ಮಾತ್ರ ನಗಲಿಲ್ಲ. "ನನ್ ಸೊಂಟ ನಿನ್ನ ಒಂದ್ ವರ್ಷ ತಿಂತು. ಈಗ ನೀನು ಬಿಟ್ರೆ ಆ ವರ್ಷ ನನ್ ತಲೆ ಮೇಲೆ ಕೂರುತ್ತೆ. ಅದನ್ನ ಹೊರೋ ಶಕ್ತಿ ನಂಗಿಲ್ಲ ಕಣೇ. ಎದ್ದು ಕೈಕಾಲು ತೊಳ್ಕೊ." ಆ ಮುದುಕಿಯ ಮಾತಿಗೆ ಯಾವ ಗುರುವಿನ ಉಪದೇಶವೂ ಸಾಟಿಯಲ್ಲ.

ಮುಷ್ಟಿಯಣ್ಣ ಇನ್ನೂ ಹೆಚ್ಚು ನೊಂದುಕೊಂಡಿದ್ದರು. "ನನ್ ಹುಬ್ಬಿಂದ ನಿಮಗಿಷ್ಟು ತೊಂದರೆ ಆಯ್ತೇನಮ್ಮಾ? ಬೋಳಿಸ್ಕೊಂಡ್ ಬಂದ್ಬಿಡ್ತೀನಿ" ಎಂದು ನಿಜವಾಗಿಯೂ ಹೊರಟಿದ್ದರಂತೆ. ಅಷ್ಟೆಲ್ಲ ಬೇಡ, ಗೋಡೆಯಾಚೆ ನಿಂತರೆ ಸಾಕು ಎಂದರು ಹಿಟ್ಟಕ್ಕ. ಒದ್ದೆ ಪುಡಿಯನ್ನು ಗಾಜಿನ ಕಿಟಕಿ ಸರಿಸಿ ಆಚೆ ದಾಟಿಸುವುದೆಂದಾಯಿತು. ಗಾಜಿನಲ್ಲೂ ಹುಬ್ಬು ಕಾಣುತ್ತದಲ್ಲ ಎಂದು ಅಣ್ಣ ತಾವೇ ತಿರುಗಿ ನಿಂತರು. ಸದ್ದೂ ಕೇಳಬಾರದೆಂದು ಕಿವಿಗೆ ಹತ್ತಿ ತುರುಕಿಕೊಂಡರು.

ಹೊಸ ಪ್ರಯೋಗದ ಮೊದಲ ದಿನಗಳು ಮುಖಭಂಗದವು. ಮೋಟಾರಿನ ಭಾರ ಇಂತಿಷ್ಟು ಮುಟ್ಟಿದಾಗ ನಿಲ್ಲಿಸಿದರೆ ಪುಡಿ ಇನ್ನೂ ಹದಕ್ಕೆ ಬಂದೇ ಇರುತ್ತಿರಲಿಲ್ಲ. "ಇದು ಹಿಟ್ಟಲ್ಲಮ್ಮ, ಮರಳು" ಎಂದು ಅಣ್ಣ ವಾಪಸು ಕಳಿಸುತ್ತಿದ್ದರು. ಹಿಟ್ಟಕ್ಕ ಶನಿವಾರ ಮೇಡಂ ಎದುರು ಕೂತರು. ಇಬ್ಬರೂ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಭಾರ ಎಷ್ಟು ಎಂಬುದು ದಿನಕ್ಕೊಂದು ಥರ ಇತ್ತು. ಆದರೆ ಎಲ್ಲ ಗೆರೆಯೂ ಏರಿ ಏರಿ, ಒಂದು ಕಡೆ ಸುಸ್ತಾದವರಂತೆ ನಿಧಾನವಾಗುತ್ತಿತ್ತು. ಅಂಕಿ ಬಿಟ್ಟು ಆ ನಿಧಾನವನ್ನು ಹಿಡಿಯಬೇಕು ಎಂದು ಇಬ್ಬರೂ ಮಾತಾಡಿಕೊಂಡರು. ಅಲ್ಲಿಂದ ಮುಂದೆ ಹೋಳುಗಳು ಸಿಗತೊಡಗಿದವು.

ಎಲ್ಲ ದಿನವೂ ಹೊಂದಲಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ದಿನ ಯಂತ್ರ ಸರಿ ಎಂದಿತು, ಅಣ್ಣ ಹದ ಮೀರಿದೆ ಎಂದರು. ಅದೇ ಪುಡಿಯನ್ನು ಒಣಗಿಸಿ, ಮಾತ್ರೆ ಒತ್ತಿ ಬೆಚ್ಚಗಿನ ನೀರಿಗೆ ಹಾಕಿದರು. ಮಾತ್ರೆ ಹೇಳಿದ ಹೊತ್ತಿಗೆ ಸರಿಯಾಗಿ ಕರಗಿತು. ಬಗ್ಗಿ ನೋಡುತ್ತಿದ್ದ ಅಣ್ಣ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. "ಕೈಗೂ ವಯಸ್ಸಾಯ್ತು ನೋಡಿ. ಯಾರಿಗೂ ಹೇಳಿರ್ಲಿಲ್ಲ, ಒಂದ್ ವರ್ಷದಿಂದ ಬೆರಳ ತುದಿ ಸ್ವಲ್ಪ ಜೋಮು. ಇನ್ಮೇಲೆ ಇದು ನೋಡ್ಕೊಳ್ಳುತ್ತೆ ಅಂದ್ರೆ ನಂಗೂ ನೆಮ್ಮದಿ." ಹಿಟ್ಟಕ್ಕ ಆ ದಿನದ ಫಲಿತಾಂಶವನ್ನೂ, ಯಂತ್ರವೇ ಸೋತ ದಿನಗಳದ್ದನ್ನೂ ಇದ್ದದ್ದು ಇದ್ದಂತೆ ವರದಿಗೆ ಸೇರಿಸಿದರು.

ಇವತ್ತಿನದು ಕೊನೆಯ ಪ್ರಯೋಗ. ನಾಳೆ ಮುಷ್ಟಿಯಣ್ಣನಿಗೆ ಬೀಳ್ಕೊಡುಗೆ. ಹಸಿರು ಗೆರೆ ಏರುತ್ತಿದೆ. ಹಿಟ್ಟಕ್ಕನ ಕಣ್ಣು ಪರದೆಯಿಂದ ಕದಲುವುದಿಲ್ಲ, ಅಭ್ಯಾಸಬಲದಿಂದ ಕತ್ತು ಮಾತ್ರ ಒಮ್ಮೆ ಅಣ್ಣ ನಿಲ್ಲುತ್ತಿದ್ದ ಎಡಕ್ಕೆ ವಾಲಿ ತಾನೇ ನಾಚಿಕೊಂಡು ಹಿಂದೆ ಬರುತ್ತದೆ. ಗೆರೆಯ ಏರು ಸಣ್ಣದಾಗುತ್ತದೆ. ಬಟನ್ ಒತ್ತುತ್ತಾರೆ. ಕೋಣೆ ಗಪ್ಪೆಂದು ನಿಶ್ಶಬ್ದವಾಗುತ್ತದೆ. ಒಂದು ಹಿಡಿ ಪುಡಿ ಉಕ್ಕಿನ ಬಟ್ಟಲಲ್ಲಿ ಕಿಟಕಿಗೆ ಹೋಗುತ್ತದೆ. ಹಿಟ್ಟಕ್ಕ ಗಾಜು ತಟ್ಟುತ್ತಾರೆ.

ಅಣ್ಣ ಈ ಕಡೆ ತಿರುಗಿ ಬಟ್ಟಲು ತೆಗೆದುಕೊಳ್ಳುತ್ತಾರೆ. ಮುಷ್ಟಿ ಬಿಗಿಯಾಗುತ್ತದೆ, ಬಿಚ್ಚಿಕೊಳ್ಳುತ್ತದೆ. ಹೆಬ್ಬೆರಳು ಉಂಡೆಯ ನಡುವೆ ಕೂರುತ್ತದೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಉಂಡೆ ಎರಡು ಹೋಳಾಗಿ ಅಂಗೈಯಲ್ಲಿ ಮಲಗುತ್ತದೆ. ಅಣ್ಣ ಆ ಅಂಗೈಯನ್ನು ಗಾಜಿಗೆ ಹತ್ತಿರ ಹಿಡಿದು ತೋರಿಸುತ್ತಾರೆ. ಕುಲಾವಿಯ ಕೆಳಗೆ ಎರಡೂ ಹುಬ್ಬು ಮೇಲೇರುತ್ತವೆ.

ಎರಡು ವಾರದ ಮೇಲೆ ಕಾಲೇಜಿನಲ್ಲಿ ವೈವಾ. ಹೊರಗಿನಿಂದ ಬಂದ ಪರೀಕ್ಷಕರ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಗೈಡ್ ಮೇಡಂ ಹಳೆಯ ಪ್ರಶ್ನೆಯನ್ನೇ ಕೇಳುತ್ತಾರೆ. "ಯಂತ್ರ ನಿಲ್ಲಿಸೋವಾಗ ಎಲ್ಲಿ ನೋಡ್ತಿದ್ರಿ?"

"ಪರದೆ ಮೇಲೆ, ಮೇಡಂ. ನಿಲ್ಲಿಸಿದ್ ಮೇಲೆ ಮಾತ್ರ ಕಿಟಕಿ ಕಡೆ ನೋಡ್ದೆ. ಅದನ್ನ ತಡ್ಕೊಳ್ಳೋಕ್ ಆಗ್ಲಿಲ್ಲ."

ಮೇಡಂ ನಗುತ್ತಾರೆ. "ಈ ಸಲ ಹೊಂದದೇ ಇರೋ ದಿನಗಳೂ ಇವೆ. ಅದಕ್ಕೇ ನಂಬಿಕೆ ಬಂತು" ಎಂದು ಸಹಿ ಹಾಕುತ್ತಾರೆ. ವರದಿ ಒಪ್ಪಿಗೆಯಾಗಿದೆ. ಹಿಟ್ಟಕ್ಕ ಹೊರಬಂದು ಮೊದಲು ಫೋನು ಮಾಡಿದ್ದು ಮನೆಗೆ. ಫೋನೆತ್ತಿದ ಅತ್ತೆ "ಸದ್ಯ, ನನ್ ತಲೆ ಹಗುರ ಆಯ್ತು" ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ಆಮೇಲೆ ಬೀದಿಯವರನ್ನೆಲ್ಲ ಅವರೇ ಕರೆಕರೆದು ಹೇಳಿದರು ಎಂಬುದು ಮಗಳ ದೂರು.

ನಾದುವ ಕೋಣೆಯಲ್ಲಿ ಈಗ ಬೇರೆ ಆಪರೇಟರ್ ಇದ್ದಾರೆ. ಹಸಿರು ಗೆರೆಯನ್ನು ನಿಜವಾದ ಔಷಧದ ಪುಡಿಗೂ ಬಳಸಬಹುದೇ ಎಂದು ಕಾರ್ಖಾನೆ ಪರೀಕ್ಷಿಸುತ್ತಿದೆ. ಆಗಬಹುದು, ಸಮಯ ಹಿಡಿಯುತ್ತದೆ. ಹಿಟ್ಟಕ್ಕನಿಗೆ ಅವಸರವಿಲ್ಲ. ಮುಂದೇನು ಎಂದು ಕೇಳಿದರೆ ದೊಡ್ಡ ಹುದ್ದೆಯ ಮಾತು ಬರುವುದಿಲ್ಲ. ಮಾಸ್ಕು ಕೆಳಗೆಳೆದು ಬೆವರು ಒರೆಸಿಕೊಳ್ಳುತ್ತಾ ಒಂದೇ ಆಸೆ ಹೇಳುತ್ತಾರೆ.

"ಪದವಿ ಕೊಡೋ ದಿನ ಅಣ್ಣ ಬಂದು ಮುಂದಿನ ಸಾಲಲ್ಲಿ ಕೂರ್ಬೇಕು. ವೇದಿಕೆ ಹತ್ತೋಕೆ ನಂಗ್ ಭಯ. ಅವತ್ತು ಮಾತ್ರ ಅವರ ಹುಬ್ಬು ನೋಡ್ಕೊಂಡೇ ನಡೀತೀನಿ. ಅವತ್ತು ಅದನ್ನ ಯಾರೂ ತಪ್ಪು ಅನ್ನಲ್ಲ."