ಗೆರೆಯಪ್ಪನ ರಿಜೆಕ್ಟ್ ಚಪ್ಪಲಿ

ಬೀದಿಯವರೆಲ್ಲ ಅವನನ್ನು ಗೆರೆಯಪ್ಪ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದೆ, ಇಬ್ಬರು ಕೂತರೆ ಮೂರನೆಯವನು ಹೊರಗೇ ನಿಲ್ಲಬೇಕಾದಂಥ ಅಂಗಡಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಹೊಲಿಗೆ ಸ್ಕೇಲಿಟ್ಟು ಎಳೆದ ಗೆರೆಯಷ್ಟು ನೇರ. ಜಂಬಕ್ಕೂ ಕೊರತೆಯಿರಲಿಲ್ಲ. ಎದುರಂಗಡಿಯವನ ಕೆಲಸ ಕಂಡರೆ ಸಾಕು, "ಏನಯ್ಯಾ, ಇರುವೆ ಕುಡಿದು ನಡೆದ ಹಾಗಿದೆ!" ಎಂದು ಬೀದಿಗೆಲ್ಲ ಕೇಳಿಸುವಂತೆ ಆಡಿಕೊಳ್ಳುತ್ತಿದ್ದ. ಆದರೇನು, ಹಿತ್ತಲ ಗಿಡ ಮದ್ದಲ್ಲ. ಜನ ಬಂದು ಮುಟ್ಟಿ ನೋಡಿ, ತಲೆದೂಗಿ, ಪರದೇಶದ ಚಪ್ಪಲಿ ಹುಡುಕಿಕೊಂಡು ಹೋಗುತ್ತಿದ್ದರು. ಗೆರೆಯಪ್ಪ ನೊಣ ಹೊಡೆಯುತ್ತಾ ಕೂರುತ್ತಿದ್ದ.

ಆ ವರ್ಷ ಸರ್ಕಾರಕ್ಕೆ ರಫ್ತಿನ ಹುಚ್ಚು ಹಿಡಿಯಿತು. ಆಸ್ಪತ್ರೆ, ಶಾಲೆ, ಕೊನೆಗೆ ಸಾರ್ವಜನಿಕ ಶೌಚಾಲಯದ ಗೋಡೆಯ ಮೇಲೂ 'ನಮ್ಮ ಉತ್ಪನ್ನ ಲೋಕಕ್ಕೆಲ್ಲ' ಎಂದು ಬರೆಸಿತು. ಹೊರಗೆ ಯಾರಿಗೆ ಏನು ಬೇಕು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಗೆರೆಯಪ್ಪನ ಭಾವಮೈದುನ ರಫ್ತು ಇಲಾಖೆಯಲ್ಲೇ ಜವಾನ. ಸಾಹೇಬರ ಕೋಣೆಯ ಬಾಗಿಲು ತೆರೆದು ಮುಚ್ಚುವ ಕೆಲಸ. ಹಾಗಾಗಿ ಇಲಾಖೆ ನಡೆಯುವುದೇ ತನ್ನಿಂದ ಎಂದು ತಿಳಿದಿದ್ದ. ಒಂದು ಸಂಜೆ ಬಂದು ಕಿವಿಯಲ್ಲಿ ಊದಿದ: "ಭಾವ, 'ಎಕ್ಸ್‌ಪೋರ್ಟ್ ರಿಜೆಕ್ಟ್' ಅಂತ ಒಂದು ಬೋರ್ಡು ಹಾಕಿ. ಪರದೇಶಕ್ಕೆ ಹೋಗಬೇಕಾಗಿತ್ತು, ಸಣ್ಣ ದೋಷಕ್ಕೆ ಉಳೀತು ಅಂತ ಅರ್ಥ. ಆಮೇಲೆ ನೋಡಿ ತಮಾಷೆ."

ಬೋರ್ಡು ಏರಿದ್ದೇ ತಡ, ಜನ ಮುಗಿಬಿದ್ದರು. ನಿನ್ನೆಯವರೆಗೆ ಮೂಗು ಮುರಿದಿದ್ದ ಚಪ್ಪಲಿಗೆ ಇವತ್ತು ಕಿತ್ತಾಟ. ಆದರೆ ಒಂದು ಪೇಚು ಬಂತು. ಶಾಲೆಯ ಹೆಡ್‌ಮೇಷ್ಟ್ರು ಜೋಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ದೋಷ ಎಲ್ಲಪ್ಪಾ? ಎಲ್ಲಾ ಸರಿಯಾಗಿದೆಯಲ್ಲ! ಇಲ್ಲಿಯದನ್ನೇ ರಿಜೆಕ್ಟ್ ಅಂತ ಹೇಳಿ ಟೋಪಿ ಹಾಕ್ತೀಯಾ?" ಎಂದು ಗದರಿಕೊಂಡರು. ಕೇಳಿದ ನಾಲ್ಕು ಜನ ಕೈಯಲ್ಲಿದ್ದ ಜೋಡಿಗಳನ್ನು ಅಲ್ಲೇ ಬಿಟ್ಟು ನಡೆದರು.

ಮರುದಿನದಿಂದ ಗೆರೆಯಪ್ಪ ಪ್ರತಿ ಜೋಡಿಯ ಹಿಮ್ಮಡಿಯ ಹತ್ತಿರ ಬೇಕೆಂದೇ ಒಂದು ಹೊಲಿಗೆ ಸೊಟ್ಟ ಹಾಕತೊಡಗಿದ. ಮೊದಲ ದಿನ ಹಾಕಿದ್ದನ್ನು ಎರಡು ಸಲ ಬಿಚ್ಚಿದ. ತಿಂಗಳೊಳಗೆ ಅಭ್ಯಾಸವಾಯಿತು. "ಬೇಡ ಕಣ್ರೀ, ಕೈ ಕೆಡುತ್ತೆ," ಎಂದಳು ಹೆಂಡತಿ. "ನನ್ನ ಕೈ ನನ್ನ ಮಾತು ಕೇಳುತ್ತೆ, ನೀನು ಸುಮ್ನಿರು," ಎಂದ.

ಒಂದು ದಿನ ಇಲಾಖೆಯ ಸಾಹೇಬರೇ ಜೀಪಿನಲ್ಲಿ ಬಂದರು. ರಿಜೆಕ್ಟ್ ಚಪ್ಪಲಿಯ ರಾಶಿ ಕಂಡು ಕಣ್ಣರಳಿಸಿದರು. "ರಿಜೆಕ್ಟೇ ಇಷ್ಟಿದ್ರೆ ರಫ್ತು ಎಷ್ಟಾಗಿರಬೇಕು!" ಜೊತೆಯಲ್ಲಿದ್ದವರೆಲ್ಲ ಹೌದೌದೆಂದು ತಲೆಯಾಡಿಸಿದರು. ಗೆರೆಯಪ್ಪ ಬಾಯಿ ತೆಗೆಯುವಷ್ಟರಲ್ಲಿ, ಸಾಹೇಬರ ಜೊತೆಗೇ ಬಂದಿದ್ದ ಭಾವಮೈದುನ ಅವನ ಕಾಲು ತುಳಿದ. ವರ್ಷದ ಶ್ರೇಷ್ಠ ರಫ್ತುದಾರನ ಫಲಕ, ಒಂದು ಜೊತೆ ಚಪ್ಪಲಿಯನ್ನೂ ಊರು ದಾಟಿಸದವನ ಗೋಡೆ ಏರಿತು.

ಫಲಕದ ಫೋಟೊ ಎಲ್ಲೆಲ್ಲಿಗೋ ಹೋಗಿ, ಪರದೇಶದ ಅಂಗಡಿಯೊಂದರಿಂದ ನಿಜವಾದ ಆರ್ಡರ್ ಬಂದೇಬಿಟ್ಟಿತು. ಗೆರೆಯಪ್ಪನಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಇನ್ನು ಸೊಟ್ಟ ಹಾಕುವ ಹಾಗಿಲ್ಲ, ತನ್ನ ಗೆರೆಯನ್ನು ಲೋಕವೇ ನೋಡಲಿ! ಬಾಗಿಲು ಹಾಕಿಕೊಂಡು ಕೂತ. ಸೂಜಿ ನೆಟ್ಟಗೆ ಓಡಿತು, ಹಿಮ್ಮಡಿಗೆ ಬಂದದ್ದೇ ತಾನಾಗಿ ವಾಲಿತು. ಬಿಚ್ಚಿ ಹೊಲಿದ. ಮತ್ತೆ ಅಲ್ಲೇ ವಾಲಿತು. ಉಸಿರು ಬಿಗಿಹಿಡಿದು ಹೊಲಿದ, ದೇವರಿಗೆ ಕೈಮುಗಿದು ಹೊಲಿದ, ತನ್ನ ಕೈಗೇ ಬೈದು ಹೊಲಿದ. ಹಾಳಾದ ಕೈ ಕಲಿತದ್ದನ್ನು ಬಿಡಲೊಲ್ಲದು.

ಆರ್ಡರ್ ಕೊಟ್ಟವರ ಕಡೆಯ ತಪಾಸಣೆಯವನು ಬಂದು ಒಂದೊಂದೇ ಜೋಡಿ ನೋಡಿ ಪಕ್ಕಕ್ಕೆ ಎಸೆದ. ಒಂದೂ ಉಳಿಯಲಿಲ್ಲ. ಭಾವಮೈದುನ ಮಾತ್ರ ಗೆಲುವಾಗಿದ್ದ. "ಬೇಜಾರ್ ಯಾಕೆ ಭಾವ? ಇವತ್ತಿಗೆ ಬೋರ್ಡು ನಿಜ ಆಯ್ತಲ್ಲ!" ಅವನು ಹೇಳಿದ್ದು ಸುಳ್ಳಲ್ಲ. ಸಂಜೆಯೊಳಗೆ ಅಷ್ಟೂ ಮಾರಿಹೋದವು. ಹೆಡ್‌ಮೇಷ್ಟ್ರು ಎರಡು ಜೊತೆ ಒಯ್ದರು.

ಗಿರಾಕಿಗಳು ಕರಗಿದ ಮೇಲೆ ಹೆಂಡತಿ ಬಂದಳು. ಮದುವೆಯಾದ ಹೊಸದರಲ್ಲಿ ಅವನೇ ಹೊಲಿದುಕೊಟ್ಟ ಚಪ್ಪಲಿ ಅವಳ ಕೈಯಲ್ಲಿತ್ತು. ಬಾರು ಕಿತ್ತಿತ್ತು, ಹಿಮ್ಮಡಿಯ ಸುತ್ತಿನ ಗೆರೆ ಮಾತ್ರ ಇನ್ನೂ ಹಾಗೇ ಇತ್ತು. ಗೆರೆಯಪ್ಪ ಅದರ ಮೇಲೆ ಹೆಬ್ಬೆರಳಾಡಿಸಿದ. ಸೂಜಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಎದುರಂಗಡಿಯವನ ಹತ್ರ ಹೊಲಿಸ್ಕೊಂಡು ಬಾ," ಎಂದ, ಅವಳ ಮುಖ ನೋಡದೆ. "ನಾನು ಮುಟ್ಟಿದ್ರೆ ಇದೂ ರಿಜೆಕ್ಟ್ ಆಗುತ್ತೆ."