ಹೆಸರಿಲ್ಲದ ತಪ್ಪಿನ ಪುಸ್ತಕ

ಶಿರಾದ ಹೆದ್ದಾರಿ ಪಕ್ಕದ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆಂದೇ ಓದಿದವಳು. ಬೀಜ ಆರಿಸುವ ಹೆಂಗಸರಲ್ಲಿ ಒಬ್ಬಾಕೆ, ನಲವತ್ತು ದಾಟಿದವಳು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಮಾಲೀಕರು ತೇವ ನೋಡುವ ಮಿಷನ್ನಿಗಿಂತ ಆಕೆಯನ್ನೇ ನಂಬುತ್ತಿದ್ದರು. ಬೇರೆ ಮಿಲ್ಲಿನವರೂ ಆಕೆಯನ್ನು ಕೆಲಸಕ್ಕೆ ಕರೆಯುತ್ತಿದ್ದರು. "ಆಯಮ್ಮ ಹೋಗ್ದಂಗೆ ಏನಾದ್ರೂ ಮಾಡಮ್ಮ" ಎಂದರು ಮಾಲೀಕರು ನನಗೆ.

ಮಾಡಿದೆ. ಆಕೆಯನ್ನು ಸೂಪರ್‌ವೈಸರ್ ಮಾಡಿದೆ. ಫ್ಯಾನಿನ ಕೆಳಗೆ ಕುರ್ಚಿ, ಕೈಗೊಂದು ಪುಸ್ತಕ. ಯಾರ ಮೊರದಲ್ಲಿ ಕೆಟ್ಟ ಬೀಜ ಉಳಿದಿದೆಯೋ ಅವರ ಹೆಸರನ್ನು ಅದರಲ್ಲಿ ಬರೆಯಬೇಕು. 'ತುಂಬಾ ಖುಷಿಪಟ್ಟಳು' ಎಂದು ಆ ದಿನದ ಡೈರಿಯಲ್ಲಿದೆ. ಖುಷಿಪಟ್ಟದ್ದು ಆಕೆಯೋ ನಾನೋ, ಈಗ ಹೇಳಲಾರೆ. ನೆನಪಿನಲ್ಲಂತೂ ಆಕೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಾಳೆ.

"ಏಳ್ರಮ್ಮೋ, ಕುರ್ಚಿ ಅಕ್ಕ ಬಂದ್ಲು!" ರಾಶಿಯ ಮುಂದೆ ಕೂತಲ್ಲಿಂದಲೇ ಆಕೆಯ ವಾರಗಿತ್ತಿ ಕೂಗುತ್ತಿದ್ದಳು.

"ಬಾಯ್ ಮುಚ್ಕಂಡು ಬೀಜ ಆರ್ಸೇ" ಎಂದು ಈಕೆಯೂ ನಗುತ್ತಿದ್ದಳು. ಆದರೆ ಮಧ್ಯಾಹ್ನ ಬುತ್ತಿಯನ್ನು ಒಬ್ಬಳೇ ಬಿಚ್ಚತೊಡಗಿದ್ದಳು. ಅದನ್ನು ಆಗಲೇ ಗಮನಿಸಿದ್ದೆ ಅಂದುಕೊಂಡಿದ್ದೇನೆ. ಡೈರಿಯಲ್ಲಿಲ್ಲ.

ತಿಂಗಳಾದರೂ ಪುಸ್ತಕದಲ್ಲಿ ಒಂದು ಹೆಸರಿಲ್ಲ. ಎಲ್ಲರ ಮುಂದೆಯೇ ಆಕೆಯನ್ನು ಗದರಿದೆ. ಆ ಹೆಂಗಸರಲ್ಲಿ ಮೊದಲಿನಿಂದಲೂ ಒಂದು ರೂಢಿ: ವಯಸ್ಸಾದವಳ, ಬಸುರಿಯ ಮೊರದಲ್ಲಿ ಕೆಟ್ಟ ಬೀಜ ಕಂಡರೆ ಪಕ್ಕದವಳು ಸದ್ದಿಲ್ಲದೆ ಆರಿಸಿಬಿಡುತ್ತಾಳೆ. ಅದನ್ನು ನಾನು ಕಳ್ಳಾಟ ಎಂದು ತಿಳಿದಿದ್ದೆ. ಗದರಿದ ಮರುದಿನದಿಂದ ಆಕೆ ಬರಲಿಲ್ಲ.

ಊರಾಚೆಯ ಇನ್ನೊಂದು ಮಿಲ್ಲಿನಲ್ಲಿ ಸಿಕ್ಕಳು, ನೆಲದ ಮೇಲೆ, ನಾಲ್ಕಾರು ಜನರ ನಡುವೆ.

"ಇಲ್ಲಿ ಕೂಲಿ ಜಾಸ್ತಿ ಕೊಡ್ತಾರಾ ಅಕ್ಕ?"

"ಎಲ್ಲಿ? ನಿಮ್ಗಿಂತ ಕಮ್ಮಿನೇ. ಕುಂತ್ಕಳಿ ಮೇಡಮ್ಮೋರೆ, ಕುರ್ಚಿ ಗಿರ್ಚಿ ಇಲ್ಲ ಇಲ್ಲಿ."

ಸುತ್ತಲಿದ್ದವರು ನಕ್ಕರು. ನಾನೂ ನೆಲಕ್ಕೆ ಕೂತೆ.

"ವಾಪಸ್ ಬನ್ನಿ. ಕುರ್ಚಿ ಬೇಡ. ಮೊದಲಿನ ಹಾಗೇ ಎಲ್ಲರ ಜೊತೆ ಕೂತ್ಕೊಳ್ಳಿ."

"ಆ ಪುಸ್ತಕ?"

"ಬೇರೆ ಯಾರಿಗಾದರೂ ಕೊಡ್ತೀನಿ."

ಆಕೆ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ಪಕ್ಕಕ್ಕೆಸೆದಳು. "ಅಂಗಾದ್ರೆ ನಮ್ಮ ವಾರಗಿತ್ತಿ ಹೆಸ್ರು ನನ್ ಬದ್ಲು ಇನ್ನೊಬ್ಳು ಬರೀತಾಳೆ, ಅಷ್ಟೇ ತಾನೆ? ಅವಳ್ಗೆ ಕಣ್ಣು ಮಂಜಾಗವೆ ಕಣಮ್ಮ. ಪಕ್ದಲ್ಲಿ ಕುಂತು ನಾನೇ ಆರ್ಸಿ ಹಾಕ್ತಿದ್ದೆ. ಇದ್ನೂ ಬಾಯ್ಬಿಟ್ಟು ಹೇಳ್ಬೇಕಾ?"

ಪುಸ್ತಕವನ್ನೇ ತೆಗೆದುಹಾಕುತ್ತೇನೆ ಎಂದು ಅಲ್ಲೇ ಹೇಳಬಹುದಿತ್ತು. ಹೇಳಿದೆ ಎಂದು ಕೆಲವೊಮ್ಮೆ ಅನಿಸುತ್ತದೆ. ಹೇಳಿರಲಾರೆ, ಯಾಕೆಂದರೆ ಮುಂದಿನ ವಾರ ವಾರಗಿತ್ತಿಯೂ ಆ ಮಿಲ್ಲಿಗೇ ಹೋದಳು.

ಪುಸ್ತಕ ಈಗ ನನ್ನ ಡ್ರಾಯರಿನಲ್ಲಿದೆ. ಗೇಟಿಗೆ 'ಅನುಭವಸ್ಥರು ಬೇಕಾಗಿದ್ದಾರೆ' ಎಂಬ ಬೋರ್ಡು ಹಾಕಿದ್ದೇವೆ. ಬಂದವರಿಗೆ ಕೆಲಸ ಕಲಿಸುವುದೂ ನನಗೇ ಬಿದ್ದಿದೆ. ಅವರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಣಗಿದೆಯಾ ಎಂದು ನನ್ನ ಮುಖ ನೋಡುತ್ತಾರೆ. ನಾನೂ ತೆಗೆದುಕೊಂಡು ಅಲ್ಲಾಡಿಸುತ್ತೇನೆ. ಎಲ್ಲವೂ ಒಂದೇ ತರ ಕೇಳಿಸುತ್ತದೆ.